ಆರೋಗ್ಯವಂತ ಗೋವಿಂದಸಾಮಿಯ ಕಾಯಿಲೆಗಳು

ಗೋವಿಂದಸಾಮಿಗೆ ಯಾವ ಕಾಯಿಲೆಯೂ ಇರಲಿಲ್ಲ. ಅವನ ಕಷ್ಟಗಳೆಲ್ಲ ಶುರುವಾದದ್ದು ಅಲ್ಲಿಂದಲೇ.

ವಯಸ್ಸು ಮೂವತ್ತಾರು. ಅನ್ನೂರಿನ ಕಡೆಯ ಹೊಲದ ಮನೆಯಲ್ಲಿ ಜೋಳ, ಸಜ್ಜೆ ಉಂಡು ಬೆಳೆದ ಮೈ. ಸಿಂಗಾನಲ್ಲೂರಿನ ಒಂದು ಮಿಲ್ಲಿನಲ್ಲಿ ಹತ್ತಿ ಬೇಲುಗಳ ಮೇಲೆ ನಂಬರು ಬರೆಯುವ ಕೆಲಸ. ಆ ಗೋಡೌನಿನಲ್ಲಿ ಎಲ್ಲರೂ ಹತ್ತಿಯ ಧೂಳಿಗೆ ಕೆಮ್ಮಿ ಕೆಮ್ಮಿ ಸೊರಗಿದರೆ, ಇವನ ಎದೆಯೊಳಗೆ ಹೋದ ಧೂಳು ಮಾತ್ರ ಇಲ್ಲಿ ನಮಗೇನೂ ಕೆಲಸವಿಲ್ಲ ಎಂದು ವಾಪಸು ಬರುತ್ತಿತ್ತು.

ಮದುವೆ ಆಗಿರಲಿಲ್ಲ. ಆಗಬಾರದೆಂದೇನೂ ಇರಲಿಲ್ಲ. ಮೊದಲು ಅಣ್ಣನದಾಗಲಿ ಎಂದರು, ಆಮೇಲೆ ತಂಗಿಯದಾಗಲಿ ಎಂದರು, ಆಮೇಲೆ ಬಾವಿ ತೋಡಿಸೋಣ ಎಂದರು. ಬಾವಿಯಲ್ಲಿ ನೀರು ಬಂದ ಸಂತೋಷದಲ್ಲಿ ಇವನ ಮದುವೆಯನ್ನು ಎಲ್ಲರೂ ಮರೆತರು. ಅವನೂ ಜ್ಞಾಪಿಸಲಿಲ್ಲ. ಏನನ್ನಾದರೂ ಬಾಯಿಬಿಟ್ಟು ಕೇಳುವುದೆಂದರೆ ಅವನಿಗೆ ನಾಲಿಗೆ ಒಣಗುತ್ತಿತ್ತು. ಹೋಟೆಲಿನಲ್ಲಿ ಇನ್ನೊಂದು ಸಲ ಸಾಂಬಾರು ಕೇಳಲಾರದೆ ಒಣ ಇಡ್ಲಿಯನ್ನೇ ನುಂಗಿ ಎದ್ದುಬರುವ ಜಾತಿ.

ಅವನಿದ್ದದ್ದು ಒಂದು ಲೈನ್ ಮನೆಯಲ್ಲಿ. ಒಂದು ಅಂಗಳ, ಒಂದು ನಲ್ಲಿ, ಸಾಲಾಗಿ ಬಾಗಿಲುಗಳು. ಒಬ್ಬರ ಮನೆಯ ಒಗ್ಗರಣೆಗೆ ಇನ್ನೊಬ್ಬರ ಮನೆಯಲ್ಲಿ ಸೀನು. ಗೇಟಿನ ಪಕ್ಕದ ಮನೆಯಲ್ಲಿ ಮಾಲೀಕಳಾದ ಜಾನಮ್ಮ ಇದ್ದಳು. ಯಾರು ಬಂದರು, ಯಾರು ಹೋದರು, ಹೋಗುವಾಗ ಮುಖ ಹೇಗಿತ್ತು ಎನ್ನುವುದನ್ನು ನೋಡಿಕೊಳ್ಳುವುದು ಅವಳ ಬಾಳಿನ ಕೆಲಸ. ಗೋವಿಂದಸಾಮಿಯ ಕೋಣೆ ಸಾಲಿನ ಕೊನೆಯದು. ಅವನ ಕಡೆಯಿಂದ ಮೂರನೆಯ ಬಾಗಿಲು ತಿರುಮಲೈಸಾಮಿಯದು. ಅವರು ಮಿಲ್ಲಿನಿಂದ ರಿಟೈರ್ ಆದ ಮೇಸ್ತ್ರಿ. ಹೆಂಡತಿ ಇಲ್ಲ. ಮಗಳು ಮಲ್ಲಿಗಾ ಮನೆ ನೋಡಿಕೊಳ್ಳುತ್ತಿದ್ದಳು. ಅವಳಿಗೆ ಮೂವತ್ತು ದಾಟಿತ್ತು. ಅಂಗಳದಲ್ಲಿ ಯಾರಿಗೆ ಮೈ ಸರಿಯಿಲ್ಲದಿದ್ದರೂ, ಯಾರ ಮನೆಯ ಪಾತ್ರೆ ತಳ ಹತ್ತಿದರೂ, ಮೊದಲು ಅವಳ ಅಡಿಗೆಮನೆಗೇ ಓಡುತ್ತಿದ್ದರು. ಅವಳ ಸಾಂಬಾರ ಪೆಟ್ಟಿಗೆಯಲ್ಲಿ ಎಲ್ಲದಕ್ಕೂ ಮದ್ದಿತ್ತು.

ಒಂದು ಸಂಜೆ ನಲ್ಲಿಯ ಹತ್ತಿರ ಗೋವಿಂದಸಾಮಿಗೆ ಬಿಕ್ಕಳಿಕೆ ಹತ್ತಿತು. ಅದು ನಿಜವಾದ ಬಿಕ್ಕಳಿಕೆ. ಅವನ ಬಾಳಿನ ಕೊನೆಯ ಪ್ರಾಮಾಣಿಕ ಕಾಯಿಲೆ ಎಂದರೂ ತಪ್ಪಿಲ್ಲ. ಒಂದೊಂದು ಬಿಕ್ಕಿಗೂ ಕೊಡದಿಂದ ನೀರು ಚೆಲ್ಲುತ್ತಿತ್ತು. ಹಿಂದೆ ನಿಂತಿದ್ದ ಮಲ್ಲಿಗಾ ಒಳಗೆ ಹೋಗಿ ಒಂದು ಚಮಚ ಸಕ್ಕರೆ ತಂದಳು.

"ಏನುಂಗ, ಬಾಯಿ ತೆಗೀರಿ. ನುಂಗಬೇಡಿ, ಹಂಗೇ ಕರಗಲಿ."

ಅವನು ಬಾಯಿ ತೆಗೆದ. ಸಕ್ಕರೆ ಕರಗಿತು. ಬಿಕ್ಕಳಿಕೆ ನಿಂತಿತು.

"ಊರಲ್ಲಿ ಯಾರೋ ನೆನೀತಾ ಇರ್ಬೇಕು," ಎಂದಳು ಮಲ್ಲಿಗಾ.

"ನನ್ನ ನೆನೆಯೋರು ಯಾರೂ ಇಲ್ಲಂಗ," ಎಂದ ಅವನು, ಆ ಕಡೆಯ 'ಅಂಗ' ಎಂಬ ಮರ್ಯಾದೆಯ ಬಾಲವನ್ನು ಬಿಡದೆ, ಬೇಲಿನ ನಂಬರು ಹೇಳುವ ದನಿಯಲ್ಲಿ.

ಅವಳು ನಗಲಿಲ್ಲ. "ಹಂಗೆಲ್ಲ ಹೇಳಬಾರ್ದು," ಎಂದು ಚಮಚ ತೊಳೆದುಕೊಂಡು ಒಳಗೆ ಹೋದಳು.

ಮರುದಿನ ಗೋವಿಂದಸಾಮಿ ಬಿಕ್ಕಳಿಕೆಗಾಗಿ ಕಾದ. ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಮೂವತ್ತಾರು ವರ್ಷ ಆರೋಗ್ಯವನ್ನು ಒಂದು ಭಾಗ್ಯವೆಂದುಕೊಂಡಿದ್ದವನಿಗೆ ಅದೊಂದು ಗೋಡೆಯಂತೆ ಕಾಣತೊಡಗಿತು. ಕೊನೆಗೆ ಧೈರ್ಯ ಮಾಡಿ, ಮೇಸ್ತ್ರಿ ಪೇಪರು ಓದಲು ಟೀ ಅಂಗಡಿಗೆ ಹೋದ ಸಮಯ ನೋಡಿ, ಅವಳ ಬಾಗಿಲ ಮುಂದೆ ನಿಂತು ಕೆಮ್ಮಿದ. ಅನುಭವ ಇಲ್ಲದ್ದರಿಂದ ಅದು ಸ್ಟಾರ್ಟ್ ಆಗದ ಲಾರಿಯಂತೆ ಕೇಳಿಸಿತು.

"ಒಣ ಕೆಮ್ಮಾ, ಕಫದ ಕೆಮ್ಮಾ?" ಎಂದು ಮಲ್ಲಿಗಾ ಒಳಗಿನಿಂದಲೇ ಕೇಳಿದಳು.

ಇಂಥ ಪ್ರಶ್ನೆ ಬರಬಹುದೆಂದು ಅವನು ಯೋಚಿಸಿರಲಿಲ್ಲ. "ಎರಡೂಂಗ," ಎಂದ. "ಬೆಳಗ್ಗೆ ಒಣದು. ಸಾಯಂಕಾಲ ಒದ್ದೆ."

ಅವಳು ಮೆಣಸು, ಒಣಶುಂಠಿ ಕುಟ್ಟಿ, ತಾಳೆಬೆಲ್ಲ ಹಾಕಿ ಕಷಾಯ ಮಾಡಿಕೊಟ್ಟಳು. ಅವನು ಅಲ್ಲೇ ನಿಂತು, ಬಿಸಿ ಎನ್ನುವ ನೆಪದಲ್ಲಿ ಒಂದೊಂದೇ ಗುಟುಕಾಗಿ, ಒಂದು ಲೋಟವನ್ನು ಒಂದು ಸಿನಿಮಾದಷ್ಟು ಹೊತ್ತು ಕುಡಿದ. ಅಷ್ಟು ಹೊತ್ತಿನಲ್ಲಿ ಅವಳು ಬಾಗಿಲ ಸಂದಿಯಿಂದ ಎರಡು ಮಾತಾಡಿದಳು. ಒಂದು, "ಬಿಸಿ ಇದೆಯಾ?" ಇನ್ನೊಂದು, "ಲೋಟ ಅಲ್ಲೇ ಇಡಿ."

ಆ ಎರಡು ಮಾತು ಅವನಿಗೆ ಎರಡು ದಿನಕ್ಕೆ ಸಾಕಾಯಿತು. ಮೂರನೆಯ ದಿನ ಹಲ್ಲುನೋವು ಬಂತು. ಲವಂಗ ಸಿಕ್ಕಿತು. ಮರುದಿನ ಮರೆತು ಎಡಗೆನ್ನೆ ಹಿಡಿದುಕೊಂಡು ಹೋದ.

"ನಿನ್ನೆ ಬಲಗಡೆ ಅಂದ್ರಿ?"

"ಆ ಕಡೆಯಿಂದ ಈ ಕಡೆಗೆ ಬಂದಿದೆಯಂಗ."

ಬೇರೆ ಯಾರಾದರೂ ಆಗಿದ್ದರೆ ನಕ್ಕುಬಿಡುತ್ತಿದ್ದರು. ಮಲ್ಲಿಗಾ ಹುಬ್ಬು ಗಂಟಿಕ್ಕಿ ಯೋಚಿಸಿದಳು. "ವಾಯು ಇರ್ಬೇಕು. ವಾಯು ಇದ್ರೆ ನೋವು ಹಿಂಗೇ ಓಡಾಡ್ತದೆ," ಎಂದು ಲವಂಗದ ಜೊತೆಗೆ ಇಂಗನ್ನೂ ಮಜ್ಜಿಗೆಯಲ್ಲಿ ಕಲಸಿ ಕೊಟ್ಟಳು.

ಆಮೇಲೆ ಅಜೀರ್ಣಕ್ಕೆ ಓಮ ಬಂತು, ಮೈ ಉಷ್ಣಕ್ಕೆ ನೆನೆಸಿದ ಮೆಂತ್ಯ ಬಂತು, ಕೀಲುನೋವಿಗೆ ಬೆಳ್ಳುಳ್ಳಿ ಬಂತು. ಗೋವಿಂದಸಾಮಿ ಒಂದನ್ನೂ ಚೆಲ್ಲಲಿಲ್ಲ. ಅವಳು ಮಾಡಿದ್ದನ್ನು ಚೆಲ್ಲುವುದುಂಟೆ? ಎಲ್ಲವನ್ನೂ ಕಣ್ಣು ಮುಚ್ಚಿ ಕುಡಿದ. ಒಳಗೆ ಹೋದ ಮದ್ದುಗಳು ಕಾಯಿಲೆಯನ್ನು ಹುಡುಕಿ ಹುಡುಕಿ, ಸಿಕ್ಕದೆ, ಕೊನೆಗೆ ಸಿಕ್ಕಿದ್ದನ್ನೆಲ್ಲ ಕೆಡಿಸಲು ಶುರುಮಾಡಿದವು. ಆಡಿ ಮಾಸದಲ್ಲಿ, ಅಂದರೆ ಆಷಾಢದಲ್ಲಿ, ಎತ್ತಿನಂತಿದ್ದವನು ದೀಪಾವಳಿಯ ಹೊತ್ತಿಗೆ ಅಂಗಿಯೊಳಗೆ ಗಾಳಿ ಆಡುವಷ್ಟು ಇಳಿದ. ಕಾಯಿಲೆ ಸುಳ್ಳಾದರೂ ಕಾಯಿಲೆಯ ಮುಖ ನಿಜವಾಯಿತು. ಮಲ್ಲಿಗಾಳ ಹುಬ್ಬಿನ ಗಂಟು ದಿನೇ ದಿನೇ ಬಿಗಿಯಾಯಿತು.

ಒಂದು ದಿನ ಮೇಸ್ತ್ರಿ ಟೀ ಅಂಗಡಿಯಿಂದ ಬೇಗ ಬಂದುಬಿಟ್ಟರು. ಬಾಗಿಲಲ್ಲಿ ಲೋಟ ಹಿಡಿದು ನಿಂತಿದ್ದವನನ್ನು ಮೇಲಿನಿಂದ ಕೆಳಗೆ ನೋಡಿದರು.

"ಗೋವಿಂದಸಾಮಿ, ಗಂಡಸಾದವನಿಗೆ ಒಂದು ಕಾಯಿಲೆ ಇರ್ಬೇಕು. ಸಾಯೋವರ್ಗೂ ಅದನ್ನೇ ಇಟ್ಕೊಂಡಿರ್ಬೇಕು. ನನಗೆ ಮಂಡಿನೋವು. ಇಪ್ಪತ್ತು ವರ್ಷದಿಂದ ಅದೇ. ದಿನಕ್ಕೊಂದು ಬದಲಾಯಿಸೋದು ಒಳ್ಳೇ ಲಕ್ಷಣ ಅಲ್ಲ. ಮಿಲ್ ಡಿಸ್ಪೆನ್ಸರಿ ಅಂತ ಒಂದು ಇದೆ, ಗೊತ್ತಾ?"

"ಸರೀಂಗ ಮೇಸ್ತ್ರಿ," ಎಂದು ಅವನು ಅರ್ಧ ಲೋಟ ಮೆಂತ್ಯವನ್ನು ಗಟಗಟ ಕುಡಿದು ಹೊರಟ.

ಕಾಯಿಲೆಗಳ ಬಾಗಿಲು ಅಲ್ಲಿಗೆ ಮುಚ್ಚಿತು. ಆದರೆ ಮನುಷ್ಯ ಅಂದ ಮೇಲೆ ಮನೆ ಇದೆ, ಮನೆ ಅಂದ ಮೇಲೆ ಅದಕ್ಕೂ ಕಾಯಿಲೆಗಳಿವೆ. ಅವನ ಕೋಣೆಯ ಬಾಗಿಲು ಕಿರ್ ಎನ್ನತೊಡಗಿತು. ಅವಳು ತಿರುಗಣಿಗೆ ಬಿಡಲು ಹರಳೆಣ್ಣೆ ಕೊಟ್ಟಳು. ಅಂಗಿಗೆ ಇಸ್ತ್ರಿ ನಿಲ್ಲಲಿಲ್ಲ. ಅನ್ನ ಬಸಿದ ಗಂಜಿ ಕೊಟ್ಟಳು. ನಂಬರು ಬರೆಯುವ ಮಸಿ ಕೈಗಂಟಿತು. ನಿಂಬೆಹಣ್ಣು, ಉಪ್ಪು ಕೊಟ್ಟಳು.

ಇವೆಲ್ಲ ಗೇಟಿನ ಪಕ್ಕದ ಜಾನಮ್ಮನ ಕಣ್ಣಿಗೆ ಬೇರೆಯೇ ಕಂಡವು. ಅವಳು ನಲ್ಲಿಯ ಹತ್ತಿರ ಹೆಂಗಸರನ್ನು ಸೇರಿಸಿ ತನ್ನ ತೀರ್ಮಾನ ಹೇಳಿದಳು.

"ಸೋಮವಾರ ಹರಳೆಣ್ಣೆ. ಅಂದ್ರೆ ಹೊಟ್ಟೆ ಕಟ್ಟಿದೆ. ಬುಧವಾರ ಗಂಜಿ. ಅಂದ್ರೆ ಅನ್ನ ಇಳೀತಿಲ್ಲ. ಇವತ್ತು ನಿಂಬೆಹಣ್ಣು, ಉಪ್ಪು. ಅಂದ್ರೆ ವಾಂತಿ. ಅಯ್ಯೋ ಪಾವಂ! ಬಾಡಿಗೆ ಚೆನ್ನಾಗಿ ಕೊಡ್ತಿದ್ದ ಆಳು."

ಮಲ್ಲಿಗಾಗೆ ಹರಳೆಣ್ಣೆ ಬಾಗಿಲಿಗೆಂದು ಗೊತ್ತಿತ್ತು. ಆದರೆ ಹೆಂಗಸರೆಲ್ಲ ಹೀಗೆ ಹೇಳಿದ ಮೇಲೆ ಅವಳಿಗೂ ಅನುಮಾನ ಬಂತು. ಅಪ್ಪನಿಗೆ ಹೆದರಿ ಪಾಪ ಬಾಗಿಲಿನ ಹೆಸರು ಹೇಳಿರಬಹುದು. ಬಾಗಿಲಿಗೆ ಅಷ್ಟು ಎಣ್ಣೆ ಯಾಕೆ ಬೇಕು? ಅವಳು ಯಾರಿಗೂ ಏನೂ ಹೇಳಲಿಲ್ಲ.

ಕಾರ್ತಿಗೆ ಮಾಸದ ಮೊದಲ ಶುಕ್ರವಾರ ಗೋವಿಂದಸಾಮಿಗೆ ರಜೆ. ಅಕ್ಕಿ ಡಬ್ಬಿಯಲ್ಲಿ ಹುಳು ಬಿದ್ದಿತ್ತು. ಈ ಸಲ ನಿಜವಾಗಿಯೂ. ಹಿಂದಿನ ದಿನ ನಲ್ಲಿಯಲ್ಲಿ ಮಲ್ಲಿಗಾ, ಒಣಗಿದ ಬೇವಿನ ಸೊಪ್ಪು ಹಾಕಿದರೆ ಹುಳು ಬರುವುದಿಲ್ಲ, ಹೊಸ್ತಿಲಿಗೆ ಅರಿಶಿನ ಚೆಲ್ಲಿದರೆ ಇರುವೆ ದಾಟುವುದಿಲ್ಲ ಎಂದು ಹೇಳಿದ್ದಳು. ಅವನು ಒಂದು ಹೊರೆ ಬೇವಿನ ಸೊಪ್ಪು ಕಡಿದು ತಂದು ಒಣಗಲೆಂದು ಬಾಗಿಲ ಚೌಕಟ್ಟಿಗೆ ಕಟ್ಟಿದ. ಹೊಸ್ತಿಲಿಗೆ ಧಾರಾಳವಾಗಿ ಅರಿಶಿನ ಚೆಲ್ಲಿದ. ಅದೇ ಕೈಯಲ್ಲಿ ಹಣೆಯ ಬೆವರು, ಕೆನ್ನೆಯ ಬೆವರು ಒರೆಸಿಕೊಂಡ.

ಅಷ್ಟರಲ್ಲಿ ಜಾನಮ್ಮ ರೇಷ್ಮೆ ಸೀರೆ ಉಟ್ಟು ಅಂಗಳದಲ್ಲಿ ಸುಳಿದಳು. ಅಷ್ಟು ದೂರದಿಂದಲೇ ಕೂಗಿದಳು.

"ಗೋವಿಂದಸಾಮಿ, ಇವತ್ತು ಮೆಲ್ಲಗೆ ಕೆಮ್ಮು ಕಣಪ್ಪಾ! ಮಲ್ಲಿಗಾನ ಹೆಣ್ಣು ನೋಡೋಕೆ ಪೆರಿಯನಾಯಕನಪಾಳ್ಯದಿಂದ ಬರ್ತಾ ಇದ್ದಾರೆ. ಸ್ವಂತ ಲೇತ್ ವರ್ಕ್‌ಶಾಪ್. ಮೊದಲನೇ ಹೆಂಡತಿ ಹೋಗಿ ವರ್ಷ ಆಯ್ತು. ಇದು ಕೂಡಿಬಂದ್ರೆ ಆ ಹುಡುಗಿ ಪುಣ್ಯ."

ಗೋವಿಂದಸಾಮಿ ಹೊಸ್ತಿಲ ಮೇಲೆ ಕುಳಿತುಬಿಟ್ಟ. ಅವಳು ಒಂದು ದಿನ ಆ ಬಾಗಿಲಲ್ಲಿ ಇರುವುದಿಲ್ಲ ಎಂಬ ಸಂಗತಿ, ಇಷ್ಟು ತಿಂಗಳಲ್ಲಿ ಒಂದು ಸಲವೂ ಅವನ ತಲೆಗೆ ಹೊಳೆದಿರಲಿಲ್ಲ. ಅವನು ಕಷಾಯದಿಂದ ಕಷಾಯಕ್ಕೆ ಬದುಕಿದ್ದ. ಎದ್ದು ಮುಖ ತೊಳೆಯಬೇಕೆಂದೂ ಅನ್ನಿಸಲಿಲ್ಲ. ಗೇಟಿನ ಕಡೆ ನೋಡುತ್ತಾ ಹಾಗೇ ಕುಳಿತ.

ಕಾರು ಬಂತು. ವರ್ಕ್‌ಶಾಪ್ ವರ, ಅವನ ತಾಯಿ, ಇಬ್ಬರು ಹೆಂಗಸರು. ತಾಯಿ ಗೇಟಿನೊಳಗೆ ಒಂದು ಕಾಲಿಟ್ಟು ನೇರಕ್ಕೆ ನೋಡಿದಳು. ಕೊನೆಯ ಬಾಗಿಲಿಗೆ ಬೇವಿನ ಸೊಪ್ಪಿನ ತೋರಣ. ಹೊಸ್ತಿಲ ತುಂಬ ಅರಿಶಿನ. ಅದರ ನಡುವೆ ಹಳದಿ ಮುಖದ, ಸೊರಗಿದ, ರೆಪ್ಪೆ ಮಿಟುಕಿಸದ ಒಬ್ಬ ಗಂಡಸು.

"ಅಡ ಸಾಮಿ! ಅಮ್ಮ ಬಂದಿದ್ದಾಳೆ!" ಎಂದು ಆಕೆ ಕೆನ್ನೆಗೆ ಬಡಿದುಕೊಂಡಳು. ಮೈಮೇಲೆ ಗುಳ್ಳೆ ಎದ್ದವರ ಮನೆಗೆ ಬೇವು ಕಟ್ಟುವುದು ಆ ಕಡೆಯ ವಾಡಿಕೆ. ಆ ರೋಗವನ್ನು ಹೆಸರು ಹಿಡಿದು ಕರೆಯುವುದಿಲ್ಲ, ಅಮ್ಮ ಎನ್ನುತ್ತಾರೆ. ಇಟ್ಟ ಕಾಲು ಹಾಗೇ ಹಿಂದೆ ಹೋಯಿತು. ಮೇಸ್ತ್ರಿ ಜರಿ ಪಂಚೆಯಲ್ಲಿ ಕೈಮುಗಿದುಕೊಂಡು ಓಡಿ ಬರುವಷ್ಟರಲ್ಲಿ ಕಾರು ತಿರುಗಿತ್ತು. ಒಳಗೆ ಕರಿದಿದ್ದ ಬಜ್ಜಿಯ ವಾಸನೆ ಮಾತ್ರ ಅಂಗಳದಲ್ಲಿ ಉಳಿಯಿತು.

ಮರುದಿನದ ಬೆಳಗಿನೊಳಗೆ ಸುದ್ದಿ ಊರು ಸುತ್ತಿತು. ಹಾಲಿನವನು ಪಾತ್ರೆಯನ್ನು ಗೇಟಿನಾಚೆ ಇಟ್ಟು ಓಡಿದ. ಕಾಯಿಲೆ ಇಲ್ಲ ಎಂದು ಗೋವಿಂದಸಾಮಿ ಹೇಳಿದಷ್ಟೂ, ಪಾಪ ಜ್ವರ ತಲೆಗೇರಿದೆ ಎಂದರು. ಜಾನಮ್ಮ ಹೇಳಿಕಳಿಸಿದ್ದಕ್ಕೆ ಹೆಲ್ತ್ ಇನ್ಸ್‌ಪೆಕ್ಟರ್ ಬ್ಲೀಚಿಂಗ್ ಪೌಡರಿನ ಚೀಲದ ಸಮೇತ ಬಂದ.

"ಇಲ್ಲಿ ಸಿಡುಬು ಅಂತ ಹೇಳಿದ್ದು ಯಾರು? ಅದು ದೇಶದಲ್ಲೇ ಇಲ್ಲ. ಇಲ್ಲದ ರೋಗ ನಿಮ್ಮ ಕಾಂಪೌಂಡಿಗೆ ಹೇಗೆ ಬಂತು?"

"ನಮ್ಮ ಗೋವಿಂದಸಾಮಿಗೆ ಬಾರದ ಕಾಯಿಲೆ ಉಂಟಾಂಗ ಸಾರ್?" ಎಂದಳು ಜಾನಮ್ಮ, ಸ್ವಲ್ಪ ಹೆಮ್ಮೆಯಿಂದಲೇ.

ಇನ್ಸ್‌ಪೆಕ್ಟರ್ ಮಿಲ್ ಡಿಸ್ಪೆನ್ಸರಿಯಿಂದ ಡಾಕ್ಟರ್ ಬಾಲಸುಬ್ರಮಣಿಯನ್ ಅವರನ್ನು ಕರೆಸಿದ. ಡಾಕ್ಟರು ಬಂದು ಸ್ಟೆತಸ್ಕೋಪು ಹಾಕುವ ಹೊತ್ತಿಗೆ ಬೀದಿಯ ತುದಿಯಿಂದಲೇ ಒಂದು ಅಳು ಕೇಳಿಸಿತು. ಮಿಲ್ಲಿನವರು ಯಾರೋ ಅನ್ನೂರಿನ ಬಸ್ಸಿನಲ್ಲಿ ಸುದ್ದಿ ಕಳಿಸಿದ್ದರು. ಮಗನಿಗೆ ಮೈ ಸರಿಯಿಲ್ಲ ಎಂದು ಹೊರಟ ಸುದ್ದಿ, ಒಂದೊಂದು ಸ್ಟಾಪಿನಲ್ಲೂ ಹದಗೆಟ್ಟು, ಅವನ ತಾಯಿ ಸುಬ್ಬಾತಾಳ್ ಕಿವಿಗೆ ಬೀಳುವಾಗ ಆಸೆಯೇ ಇಲ್ಲ ಎಂದಾಗಿತ್ತು.

"ನನ್ನ ಕಣ್ಣೇ! ಬಾವಿಗೆ ನೀರು ಬಂತು, ನಿನಗೆ ಒಂದು ಹೆಣ್ಣು ಬರಲಿಲ್ಲವಲ್ಲೋ! ಮದುವೆ ಕಾಣದೆ ಹೋಗ್ತೀಯೇನೋ!" ಎಂದು ಆಕೆ ಇನ್ಸ್‌ಪೆಕ್ಟರನ್ನು ಪಕ್ಕಕ್ಕೆ ತಳ್ಳಿ ಮಗನನ್ನು ಅಪ್ಪಿಕೊಂಡಳು.

"ತಾಯೀ, ಸ್ವಲ್ಪ ಬಿಡಿ," ಎಂದರು ಡಾಕ್ಟರು. ನಾಲಿಗೆ ನೋಡಿದರು. ಹಲ್ಲು ಎಣಿಸಿದರು. ಹೊಟ್ಟೆ ಒತ್ತಿದರು. ಬೆನ್ನು ತಟ್ಟಿದರು. ಕೊನೆಗೆ ನಿನ್ನೆಯಿಂದ ತೊಳೆಯದ ಕೆನ್ನೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರು. ಅರಿಶಿನ ಬಟ್ಟೆಗೆ ಬಂತು, ಕೆಳಗೆ ಗೋವಿಂದಸಾಮಿಯ ಎಂದಿನ ಮುಖ ಕಂಡಿತು. ಡಾಕ್ಟರಿಗೆ ಸಿಟ್ಟು ಬಂತು.

"ಯಾರಿಗೆ ಸಿಡುಬು? ಇವನಿಗೆ ಏನೂ ಇಲ್ಲ! ಹಲ್ಲು ಕಲ್ಲಿನಂಗಿದೆ. ಎದೆ ಕಂಚಿನಂಗಿದೆ. ಈ ಸಿಂಗಾನಲ್ಲೂರಿನಲ್ಲಿ ಇಷ್ಟು ಗಟ್ಟಿ ಆಸಾಮಿಯನ್ನ ನಾನು ನೋಡಿಲ್ಲ. ಏನೇನೋ ಕಷಾಯ ಕುಡಿದು ಹೊಟ್ಟೆ ಕೆಡಿಸ್ಕೊಂಡಿದ್ದಾನೆ, ಅಷ್ಟೇ. ಎರಡು ದಿನ ಮೊಸರನ್ನ ಕೊಡಿ!"

ಅಂಗಳ ಒಂದು ಕ್ಷಣ ಸಂತೋಷಪಟ್ಟಿತು. ಸುಬ್ಬಾತಾಳ್ ಸೆರಗಿನಿಂದ ಮೂಗು ಒರೆಸಿಕೊಂಡಳು. ಆಗ ತಿರುಮಲೈಸಾಮಿ ಮೇಸ್ತ್ರಿ ಮಂಡಿ ಹಿಡಿದುಕೊಂಡು ಮುಂದೆ ಬಂದರು. ಅವರ ದನಿ ತಣ್ಣಗಿತ್ತು.

"ಕಾಯಿಲೆ ಇರ್ಲಿಲ್ಲ. ಹಲ್ಲು ಕಲ್ಲಿನಂಗಿತ್ತು. ಹಂಗಾದ್ರೆ ಆಡಿ ಮಾಸದಿಂದ ನನ್ನ ಬಾಗಿಲಿಗೆ ಯಾಕೆ ಬರ್ತಿದ್ದೆ?"

ಎಲ್ಲರೂ ಗೋವಿಂದಸಾಮಿಯ ಕಡೆ ತಿರುಗಿದರು. ಇನ್ಸ್‌ಪೆಕ್ಟರಿಗೆ ಬೇರೆ ವಾರ್ಡಿನಲ್ಲಿ ಕೆಲಸವಿತ್ತು, ಅವನೂ ಹೋಗಲಿಲ್ಲ. ರೋಗಿಯೆಂದರೆ ಅವಳು ಸಿಗುವುದಿಲ್ಲ, ಆರೋಗ್ಯವಂತನೆಂದರೆ ಸುಳ್ಳುಗಾರ. ಇವೆರಡರ ನಡುವೆ ನಿಂತು ಗೋವಿಂದಸಾಮಿ ಬಾಯಿ ತೆಗೆದ.

"ಬೇರೆ ಏನು ಕೇಳೋಕೂ ನನಗೆ ಬರ್ಲಿಲ್ಲಂಗ ಮೇಸ್ತ್ರಿ. ಮೆಣಸು ಕೇಳಿದೆ."

ಮೇಸ್ತ್ರಿಯ ಬಾಗಿಲು ದಡಾರನೆ ತೆರೆದುಕೊಂಡಿತು. ಮಲ್ಲಿಗಾ ಹೊರಗೆ ಬಂದಳು. ಬಾಗಿಲ ಸಂದಿಯಿಂದ ಮಾತ್ರ ಕಂಡಿದ್ದವಳು ಪೂರ್ತಿಯಾಗಿ ಅಂಗಳಕ್ಕೆ ಇಳಿದು ಬಂದಳು. ಕಣ್ಣು ಕೆಂಪಗಿತ್ತು.

"ಸುಳ್ಳಾ? ಎಲ್ಲಾ ಸುಳ್ಳಾ? ಹಲ್ಲುನೋವೂ ಸುಳ್ಳಾ?"

ಅವನು ತಲೆ ತಗ್ಗಿಸಿದ.

"ನಾನು ನಿಜ ಅಂತ ನಂಬಿದ್ನಲ್ಲಾ! ಪಾಪ, ನೋಡ್ಕೊಳ್ಳೋಕೆ ಒಬ್ರಿಲ್ಲ, ದಿನಾ ಇಳೀತಾ ಇದ್ದಾರೆ ಅಂತ ನನಗೆ ಎದೆ ಹೊಡ್ಕೊಳ್ತಿತ್ತು! ದೀಪಾವಳಿಗೆ ಹೊಸ ಸೀರೆ ಉಡಲಿಲ್ಲ ನಾನು. ಮಂಗಳವಾರ ಮಂಗಳವಾರ ಮಾರಿಯಮ್ಮನಿಗೆ ಉಪವಾಸ ಇದ್ದೆ, ಗುಣ ಆದ್ರೆ ಅಂಬಲಿ ಕಾಯಿಸಿ ಹಂಚ್ತೀನಿ ಅಂತ ಹರಕೆ ಹೊತ್ತೆ! ನಿನ್ನೆ ಅವರು ಬಂದು ತಿರುಗಿ ಹೋದಾಗ ಕೂಡ..."

ಅಲ್ಲಿಗೆ ಅವಳ ಮಾತು ನಿಂತಿತು. ತಾನು ಯಾರ ಮುಂದೆ ಏನು ಹೇಳುತ್ತಿದ್ದೇನೆಂದು ಆಗ ತಿಳಿಯಿತು. ಅಪ್ಪ ನಿಂತಿದ್ದರು. ಇನ್ಸ್‌ಪೆಕ್ಟರ್, ಡಾಕ್ಟರ್, ಸಾಲುಮನೆಯ ಜನವೆಲ್ಲ ನಿಂತಿತ್ತು. ಜಾನಮ್ಮ ಒಂದಕ್ಷರವೂ ಬಿಡಬಾರದೆಂದು ಉಸಿರು ಹಿಡಿದಿದ್ದಳು. ಮಲ್ಲಿಗಾ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಓಡಿ ಬಾಗಿಲು ಹಾಕಿಕೊಂಡಳು.

ಡಾಕ್ಟರು ಮೆಲ್ಲನೆ ಸ್ಟೆತಸ್ಕೋಪು ಮಡಚಿದರು. "ಇದು ನನ್ನ ಕೇಸಲ್ಲ," ಎಂದು ಹೊರಟರು.

ಸುಬ್ಬಾತಾಳ್ ಮುಚ್ಚಿದ ಬಾಗಿಲನ್ನೊಮ್ಮೆ ನೋಡಿದಳು, ಮಗನನ್ನೊಮ್ಮೆ ನೋಡಿದಳು. ಆಮೇಲೆ ನೇರ ಹೋಗಿ ಮೇಸ್ತ್ರಿಯ ಜಗಲಿಯ ಮೇಲೆ ಕಾಲು ಚಾಚಿ ಕುಳಿತಳು.

"ಅನ್ನೂರಿಂದ ಅತ್ಕೊಂಡೇ ಬಂದಿದ್ದೀನಿ. ಗಂಟಲು ಒಣಗಿದೆ. ಈ ಮನೇಲಿ ಮಜ್ಜಿಗೆ ಕೊಡ್ತೀರಾ, ಇಲ್ಲಾ ಮೊದಲು ಜಾತಕ ಕೇಳ್ತೀರಾ?"

ಮೇಸ್ತ್ರಿ ತಬ್ಬಿಬ್ಬಾದರು. ಅವರ ಪರವಾಗಿ ಜಾನಮ್ಮ ಪಿಸುಗುಟ್ಟಿದಳು. "ಹುಡುಗಿ ಮೂಲಾ ನಕ್ಷತ್ರಂಗ ಅಮ್ಮಾ. ಮಾವನಿಗೆ ಆಗಲ್ಲ ಅಂತ ಬಂದೋರೆಲ್ಲ ತಿರುಗಿ ಹೋದ್ರು. ನಿನ್ನೆಯವನು ಅಪ್ಪ ಇಲ್ಲದೋನು ಅಂತಾನೇ ಹುಡುಕಿ ತಂದದ್ದು."

"ಇವನಪ್ಪ, ಇವನು ಮೂರನೇ ಕ್ಲಾಸಲ್ಲಿದ್ದಾಗಲೇ ಹೋದ್ರು. ಆ ನಕ್ಷತ್ರ ನಮ್ಮನೇಗೆ ಬಂದು ಏನು ಮಾಡ್ತದೆ? ಸುಮ್ನೆ ಕೂತಿರ್ತದೆ. ಮೇಸ್ತ್ರಿ ಅಣ್ಣಾ, ಹುಡುಗ ಸುಳ್ಳು ಹೇಳ್ದ, ನಿಜ. ಆದ್ರೆ ಆ ಮೆಂತ್ಯ ಎಲ್ಲಾ ನಿಜವಾಗ್ಲೂ ಕುಡಿದಿದ್ದಾನಲ್ಲ!"

ಮೇಸ್ತ್ರಿ ಮಂಡಿ ನೀವಿಕೊಂಡರು. ಒಳಗಿನಿಂದ ಕಡಗೋಲಿನ ಸದ್ದು ಬಂತು. ಯಾರೂ ಹೇಳದೆಯೇ ಮಜ್ಜಿಗೆ ಆಗುತ್ತಿತ್ತು. ಅದನ್ನು ಕೇಳಿಸಿಕೊಂಡು ಅವರು ನಿಟ್ಟುಸಿರು ಬಿಟ್ಟರು.

"ಕಾರ್ತಿಗೆಯಲ್ಲಿ ನನ್ನ ಕೈಲಾಗಲ್ಲ. ಅದು ಕಳೆದ್ರೆ ಮಾರ್ಗಳಿ, ಆ ತಿಂಗಳು ಪೂರ್ತಿ ಯಾರೂ ಮದುವೆ ಮಾಡಲ್ಲ. ಪೊಂಗಲ್ ಆಗಲಿ, ತೈ ತಿಂಗಳಲ್ಲಿ ನೋಡೋಣ. ಆದ್ರೆ ಅಲ್ಲಿವರೆಗೂ ಇವನು ನನ್ನ ಬಾಗಿಲಿಗೆ ಬರಬಾರ್ದು. ನಲ್ಲಿಗೂ ಆ ಹೊತ್ತಲ್ಲಿ ಬರಬಾರ್ದು. ಕೆಮ್ಮಲೂ ಕೂಡದು."

ಗೋವಿಂದಸಾಮಿಯ ನಿಜವಾದ ಕಷ್ಟ ಶುರುವಾದದ್ದು ಆಗ. ರೋಗಿಯಾಗಿದ್ದಾಗ ದಿನಾ ಕಾಣುತ್ತಿದ್ದವಳು, ಮದುಮಗನಾದ ಮೇಲೆ ಕಾಣುವುದೇ ಇಲ್ಲ. ಮೂರನೆಯ ಬಾಗಿಲು ಮೂರು ಊರಿನಷ್ಟು ದೂರವಾಯಿತು. ಸಂಜೆ ಅವಳು ಏನೋ ಅರೆಯುವ ಸದ್ದು ಗೋಡೆಗಳನ್ನು ದಾಟಿ ಬರುತ್ತಿತ್ತು. ಗಂಡಸಿನ ಕೈಯಲ್ಲಿ, ಗೋಡೆಗೆ ಕಿವಿಗೊಟ್ಟು ಕೂರುವುದು ಬಿಟ್ಟು ಬೇರೆ ಏನಾದೀತು? ಮೊಸರನ್ನಕ್ಕೆ ಮೈ ಮತ್ತೆ ತುಂಬಿಕೊಂಡಿತು. ಅದು ಅವನಿಗೆ ಇನ್ನಷ್ಟು ಬೇಸರ ತಂದಿತು.

ಕಾರ್ತಿಗೆಯ ಕೊನೆಗೆ ಒಂದು ಮಧ್ಯಾಹ್ನ, ಶಿಫ್ಟ್ ಮುಗಿಸಿ ಸಿಂಗಾನಲ್ಲೂರಿನ ಬಸ್ ಸ್ಟ್ಯಾಂಡ್ ದಾಟುವಾಗ, ಟೌನ್ ಬಸ್ಸಿನ ಕಿಟಕಿಯಲ್ಲಿ ಅವಳು ಕಂಡಳು. ಪಕ್ಕದಲ್ಲಿ ಮೇಸ್ತ್ರಿ, ಹಿಂದಿನ ಸೀಟಿನಲ್ಲಿ ಜಾನಮ್ಮ. ಒಪ್ಪನಕ್ಕಾರ ಬೀದಿಗೆ ಮದುವೆ ಸೀರೆ ತರಲು ಹೊರಟಿದ್ದರು. ಮಲ್ಲಿಗಾ ಅವನನ್ನು ನೋಡಿದಳು. ಇನ್ನೂ ಸಿಟ್ಟಿದೆ ಎಂದು ತೋರಿಸಲು ಮುಖ ತಿರುಗಿಸಿದಳು. ಬಸ್ಸು ಹೊರಟಾಗ ಮತ್ತೆ ತಿರುಗಿ ನೋಡಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ.

ಗೋವಿಂದಸಾಮಿ ಓಡಿದ. ಹಿಂದಿನ ಬಸ್ಸು ಮುಂದಿನ ಬಸ್ಸಿನ ಹಿಂದೆಯೇ ಹೋಗುತ್ತದೆ ಎನ್ನುವುದು ಅವನ ಲೆಕ್ಕ. ಅದರ ಹಿಂದೆಯೇ ಚಲಿಸುತ್ತಿದ್ದ ಇನ್ನೊಂದು ಬಸ್ಸಿಗೆ ಹಾರಿ ಹತ್ತಿದ. ಸ್ಟ್ಯಾಂಡಿನ ಗೇಟು ದಾಟಿದ ಮೇಲೆ ಮುಂದಿನ ಬಸ್ಸು ಎಡಕ್ಕೆ ತಿರುಗಿತು, ಇದು ಬಲಕ್ಕೆ ತಿರುಗಿತು.

"ಎಲ್ಲಿಗೆ?" ಎಂದ ಕಂಡಕ್ಟರ್.

"ಇದು ಎಲ್ಲಿಗೆ ಹೋಗ್ತದೆ?"

"ಪಲ್ಲಡಂ."

ನಿಲ್ಲಿಸಿ ಎಂದು ಕೇಳಲು ನಾಲಿಗೆ ಏಳಲಿಲ್ಲ. ಪಲ್ಲಡಕ್ಕೇ ಟಿಕೆಟ್ ತೆಗೆದುಕೊಂಡ.

ಪಲ್ಲಡದ ಬಸ್ ಸ್ಟ್ಯಾಂಡಿನಲ್ಲಿ ಅವನಿಗೆ ಯಾರೂ ಗೊತ್ತಿರಲಿಲ್ಲ, ಏನೂ ಕೆಲಸವಿರಲಿಲ್ಲ. ಕಲ್ಲುಬೆಂಚಿನ ಮೇಲೆ ಕುಳಿತ. ಈ ಹೊತ್ತಿಗೆ ಅಂಗಡಿಯಲ್ಲಿ ಸೀರೆ ಬಿಚ್ಚಿ ಹಾಸಿರುತ್ತಾರೆ. ಯಾವ ಬಣ್ಣ ಮುಟ್ಟಿರುತ್ತಾಳೋ. ವಾಪಸು ಹೋಗುವ ಒಂದು ಬಸ್ಸು ಬಂತು, ಅವನು ನೋಡಲಿಲ್ಲ. ಇನ್ನೊಂದು ಬಂತು, ಅದೂ ಹೋಯಿತು. ಪಕ್ಕದಲ್ಲಿ ಕಡಲೆಕಾಯಿ ಮಾರುತ್ತಿದ್ದ ಮುದುಕಿಗೆ ತಡೆಯಲಾಗಲಿಲ್ಲ.

"ಏನ್ ತಂಬಿ, ಎಲ್ಲಾ ಬಸ್ಸನ್ನೂ ಬಿಡ್ತಾ ಇದ್ದೀಯ. ಯಾವುದಕ್ಕೆ ಕಾಯ್ತಿದ್ದೀಯ?"

"ತೈ ತಿಂಗಳಿಗೆ ಅಜ್ಜೀ," ಎಂದ ಗೋವಿಂದಸಾಮಿ.

ಮುದುಕಿ ಅವನ ಮುಖವನ್ನು ಚೆನ್ನಾಗಿ ನೋಡಿದಳು. ಒಂದು ಹಿಡಿ ಕಡಲೆಕಾಯಿಯನ್ನು ಅವನ ಕೈಗೆ ಹಾಕಿ, ಬುಟ್ಟಿಯನ್ನು ಸ್ವಲ್ಪ ಆಚೆ ಸರಿಸಿ ಅವನಿಗೆ ಕಾಲು ಚಾಚಲು ಜಾಗ ಮಾಡಿಕೊಟ್ಟಳು.

"ಹಂಗಾದ್ರೆ ಚೆನ್ನಾಗಿ ಕೂತ್ಕೋ ಸಾಮಿ. ಮಧ್ಯದಲ್ಲಿ ಇಡೀ ಒಂದು ಮಾರ್ಗಳಿ ಇದೆ."